ಆರ್‌ಸಿಸಿ ಕೋಣೆಯ ಐದನೇ ಕ್ಲಾಸು: ಎಸಿ ಹಾಕಿಸೋದಾ, ತಾರಸಿಗೆ ಸುಣ್ಣ ಬಳಿಯೋದಾ?

ಸೇಡಂ ಸೀಮೆ ಟೀಚರ್ · ಫೆಬ್ರವರಿ 9

ಎಲ್ಲರಿಗೂ ನಮಸ್ಕಾರ. ಸೇಡಂ ಕಡೆಯ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಕಲಿಸ್ತೀನಿ. ಒಂದು ವಿಷಯದಲ್ಲಿ ನಿಮ್ಮ ಸಲಹೆ ಬೇಕು. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಮ್ಮಲ್ಲಿ 6 ಕೋಣೆ ಇವೆ. ಹಳೇ 3 ಕೋಣೆಗೆ ಎರಡಡಿ ದಪ್ಪದ ಕಲ್ಲಿನ ಗೋಡೆ, ಮೇಲೆ ಫರ್ಸಿ (ಕಲ್ಲಿನ ಚಪ್ಪಡಿ) ಹಾಸಿ ಅದರ ಮೇಲೆ ಮಣ್ಣು, ಗಚ್ಚು. ಆಮೇಲೆ ಕಟ್ಟಿದ 2 ಕೋಣೆ ಆರ್‌ಸಿಸಿ. ಇನ್ನೊಂದು ಪತ್ರಾಸಿನದು, ಸಿಮೆಂಟ್ ಶೀಟು. ಶಿವರಾತ್ರಿ ಕಳೀತು ಅಂದ್ರೆ ಆರ್‌ಸಿಸಿ ಕೋಣೆಯಲ್ಲಿ ಮಧ್ಯಾಹ್ನ ಕೂರೋಕೆ ಆಗಲ್ಲ. ಬಿಸಿಯೂಟ ಮುಗಿಸಿ ಬಂದ ಮಕ್ಕಳು ಬೆಂಚು ಬಿಟ್ಟು ಕೆಳಗೆ ಫರ್ಸಿ ಮೇಲೆ ಕೂತು ಬರೀತಾರೆ, ಯಾಕಂದ್ರೆ ಅದೊಂದೇ ತಂಪು. ನೋಟ್‌ಬುಕ್ಕಿನ ಹಾಳೆ ಮೊಣಕೈಗೆ ಅಂಟಿಕೊಂಡು ಎದ್ದು ಬರುತ್ತೆ. ಹೋದ ವರ್ಷ ಒಬ್ಬಳು ಹುಡುಗಿ ಲೆಕ್ಕ ಮಾಡ್ತಾ ಮಾಡ್ತಾ ತಲೆ ಸುತ್ತಿ ಪಕ್ಕದವಳ ಮೇಲೆ ವಾಲಿದಳು. ನೀರು ಕುಡಿಸಿ ಹಳೇ ಕೋಣೆಯಲ್ಲಿ ಮಲಗಿಸಿದ ಮೇಲೆ ಚೇತರಿಸಿಕೊಂಡಳು. ಆ ದಿನದಿಂದ ನನಗೆ ಇದೇ ಯೋಚನೆ.

ಈಗ ಪುಣೆ, ಬೆಂಗಳೂರು, ಹೈದರಾಬಾದಿನಲ್ಲಿ ಕೆಲಸದಲ್ಲಿರೋ ನಮ್ಮ ಹಳೇ ವಿದ್ಯಾರ್ಥಿಗಳು ಸೇರಿ 1.5 ಲಕ್ಷ ರೂಪಾಯಿ ಕೊಡ್ತೀವಿ ಅಂದಿದ್ದಾರೆ. ಅವರ ಆಸೆ: ಒಂದು ಆರ್‌ಸಿಸಿ ಕೋಣೆಗೆ ಎರಡು ಎಸಿ ಹಾಕಿ 'ಸ್ಮಾರ್ಟ್ ಕ್ಲಾಸ್' ಮಾಡೋಣ ಅಂತ. ಪ್ರೀತಿಯಿಂದ ಕೊಡ್ತಿರೋ ದುಡ್ಡು, ಬೇಡ ಅನ್ನೋಕೆ ಮನಸ್ಸಿಲ್ಲ. ಎಸ್‌ಡಿಎಂಸಿಯಲ್ಲೂ (ಶಾಲಾಭಿವೃದ್ಧಿ ಸಮಿತಿ) ಅರ್ಧ ಜನ ಎಸಿಗೆ ಒಪ್ಪಿದ್ದಾರೆ. ಆದ್ರೆ ಒಂದು ಕೋಣೆ ತಂಪಾಗಿ ಉಳಿದ ಮಕ್ಕಳು ಬೇಯೋದು ನನಗೆ ಸರಿ ಕಾಣ್ತಿಲ್ಲ. ಇದೇ ದುಡ್ಡಲ್ಲಿ ಎಲ್ಲ ಕೋಣೆಗೂ ಏನಾದ್ರೂ ಮಾಡಬಹುದಾ?

ರಾಯಚೂರು ಸಿವಿಲ್ · ಫೆಬ್ರವರಿ 9

ಟೀಚರ್, ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಒಂದೇ ಊರು, ಒಂದೇ ಬಿಸಿಲು. ಕಲ್ಲಿನ ಕೋಣೆ ತಂಪು, ಆರ್‌ಸಿಸಿ ಕೋಣೆ ಬಿಸಿ. ಹಾಗಾದ್ರೆ ತೊಂದರೆ ಗಾಳಿಯಲ್ಲಿಲ್ಲ, ನೆತ್ತಿ ಮೇಲಿದೆ.

ಲೆಕ್ಕ ನೋಡಿ. ನೆತ್ತಿ ಬಿಸಿಲಲ್ಲಿ ಒಂದು ಚದರ ಮೀಟರ್ ತಾರಸಿ ಮೇಲೆ ಬೀಳೋದು ಹತ್ತಿರ ಹತ್ತಿರ 1000 ವ್ಯಾಟ್. 20 ಅಡಿಗೆ 24 ಅಡಿ ಕೋಣೆ ಅಂದ್ರೆ ಸುಮಾರು 45 ಚದರ ಮೀಟರ್. ನಿಮ್ಮ ಐದನೇ ಕ್ಲಾಸಿನ ತಲೆ ಮೇಲೆ 45 ಕಿಲೋವ್ಯಾಟ್ ಬಿಸಿಲು ಸುರೀತಿದೆ. ಹಳೇದಾಗಿ ಕಪ್ಪಿಟ್ಟ ಕಾಂಕ್ರೀಟು ಅದರಲ್ಲಿ ಮುಕ್ಕಾಲು ಪಾಲಿನಷ್ಟು ಹೀರಿಕೊಳ್ಳುತ್ತೆ. ಎಲ್ಲವೂ ಒಳಗೆ ಇಳಿಯಲ್ಲ ನಿಜ, ಆದ್ರೆ ಇಳಿಯೋ ಪಾಲು ಕಡಿಮೆ ಏನಲ್ಲ. ಸ್ಲ್ಯಾಬು ತೆಳುವಾಗಿರೋದ್ರಿಂದ ಮಧ್ಯಾಹ್ನ ಹೀರಿದ ಶಾಖ ಎರಡು ಮೂರು ಗಂಟೆ ಬಿಟ್ಟು ಕೆಳಗೆ ತಲುಪುತ್ತೆ. ಅದಕ್ಕೇ 12ಕ್ಕಿಂತ 3 ಗಂಟೆಗೆ ಹೆಚ್ಚು ಸಂಕಟ. ಹಳೇ ಕೋಣೆಯಲ್ಲಿ ಫರ್ಸಿ ಮೇಲಿನ ದಪ್ಪ ಮಣ್ಣು ಅದೇ ಶಾಖವನ್ನ ಸಂಜೆವರೆಗೂ ತಡೆದು ಹಿಡಿಯುತ್ತೆ. ಅಷ್ಟೊತ್ತಿಗೆ ಮಕ್ಕಳು ಮನೆಗೆ ಹೋಗಿರ್ತಾರೆ.

ಎಸಿ ಹಾಕಿದ್ರೆ ಏನಾಗುತ್ತೆ? ಕಾದ ತಾರಸಿ ಕಾದೇ ಇರುತ್ತೆ, ಅದು ಇಳಿಸೋ ಶಾಖವನ್ನ ಎಸಿ ದಿನವಿಡೀ ಹೊರಗೆ ಹೊರಬೇಕು. ತೂತು ಕೊಡಕ್ಕೆ ನೀರು ತುಂಬಿದ ಹಾಗೆ. ಮೊದಲು ತಾರಸಿಗೆ ಬಿಳಿ ಸುಣ್ಣ ಬಳಿಯಿರಿ. ಹೊಸ ಸುಣ್ಣ ಬಿಸಿಲಿನಲ್ಲಿ ನೂರಕ್ಕೆ 70 ಪಾಲಿಗಿಂತ ಹೆಚ್ಚು ವಾಪಸ್ ಎಸೆಯುತ್ತೆ.

ಹುಬ್ಬಳ್ಳಿ ವೈರಿಂಗ್ · ಫೆಬ್ರವರಿ 10

ನಾನು ಎಲೆಕ್ಟ್ರಿಷಿಯನ್. 1.5 ಟನ್ನಿನ ಒಂದು ಎಸಿ ಓಡುವಾಗ ಸುಮಾರು 1.5 ಕಿಲೋವ್ಯಾಟ್ ಎಳೆಯುತ್ತೆ. ಎರಡಕ್ಕೆ 3 ಕಿಲೋವ್ಯಾಟ್. ನಿಮ್ಮ ಶಾಲೆಗೆ ಮಂಜೂರಾದ ಲೋಡ್ ಎಷ್ಟು ಅಂತ ಬಿಲ್ಲಿನಲ್ಲೇ ಬರೆದಿರುತ್ತೆ, ಮೊದಲು ಅದನ್ನ ನೋಡಿ. ಹಳ್ಳಿ ಶಾಲೆಗಳಲ್ಲಿ 1 ಅಥವಾ 2 ಕಿಲೋವ್ಯಾಟ್ ಇರೋದೇ ಹೆಚ್ಚು. ಎಸಿ ತಂದು ಗೋಡೆಗೆ ನೇತುಹಾಕಿ, ಲೋಡ್ ಹೆಚ್ಚಿಸಿಕೊಳ್ಳದೆ, ವೈರ್ ಬದಲಾಯಿಸದೆ, ಎರಡು ವರ್ಷ ಶೋಕಿಗೆ ಇದ್ದ ಶಾಲೆ ಕಂಡಿದ್ದೀನಿ. ನಮ್ಮ ಕಡೆ ಕರೆಂಟಿಗೆ ಎಲ್ಲಕ್ಕಿಂತ ಹೆಚ್ಚು ಬೇಡಿಕೆ ಬರೋದು ಫೆಬ್ರವರಿಯಿಂದ ಏಪ್ರಿಲ್. ಪಂಪ್‌ಸೆಟ್ಟುಗಳು ಓಡೋದೂ ಆಗಲೇ. ವೋಲ್ಟೇಜ್ ಇಳಿದ್ರೆ ಎಸಿ ಕಂಪ್ರೆಸರ್ ಎತ್ತೋದೇ ಇಲ್ಲ.

ಅದರ ಬದಲು ಬಿಎಲ್‌ಡಿಸಿ ಫ್ಯಾನ್ ಹಾಕಿ, ಕಡಿಮೆ ಕರೆಂಟ್ ಎಳೆಯೋ ಮೋಟಾರಿನದು. ಹಳೇ ಫ್ಯಾನು 75 ವ್ಯಾಟ್, ಇದು 30 ವ್ಯಾಟ್ ಆಸುಪಾಸು, ಗಾಳಿ ಅಷ್ಟೇ. ಕೋಣೆಗೆ 6 ಫ್ಯಾನ್ ಅಂದ್ರೆ 450 ವ್ಯಾಟ್ ಹೋಗಿ 180 ಆಯ್ತು. ದಿನಕ್ಕೆ 6 ತಾಸಿನಂತೆ 220 ದಿನ ಹಿಡಿದ್ರೆ ಒಂದೇ ಕೋಣೆಯಲ್ಲಿ ವರ್ಷಕ್ಕೆ 350 ಯೂನಿಟ್ ಉಳಿಯುತ್ತೆ. ಅದಕ್ಕಿಂತ ದೊಡ್ಡ ಲಾಭ ಕರೆಂಟ್ ಹೋದಾಗ. 150 ಎಎಚ್ ಬ್ಯಾಟರಿಯ ಇನ್ವರ್ಟರ್ ಹಳೇ 6 ಫ್ಯಾನನ್ನ ಎರಡೂವರೆ ತಾಸು ತಳ್ಳಿದ್ರೆ ಹೆಚ್ಚು. ಹೊಸ 6 ಫ್ಯಾನನ್ನ ಶಾಲೆ ಬಿಡೋವರೆಗೂ ತಿರುಗಿಸುತ್ತೆ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೂ ಸ್ಟಾರ್ ಲೇಬಲ್ ಕಡ್ಡಾಯ ಆಗಿದೆ, 5 ಸ್ಟಾರ್ ನೋಡಿ ತಗೊಳ್ಳಿ.

ಕೆರೂರ ಹುಡುಗ · ಫೆಬ್ರವರಿ 10

ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬ್ಯಾಡ್ರಿ. 2023ರ ರಾಜ್ಯೋತ್ಸವದ ದಿನ ಸರ್ಕಾರಿ ಶಾಲೆಗಳಿಗೆ ಕರೆಂಟ್ ಪುಕ್ಕಟೆ ಅಂತ ಘೋಷಣೆ ಆಯ್ತಲ್ಲ. ಬಿಲ್ಲು ಶಾಲೆ ಕಟ್ಟೂದಿಲ್ಲ ಅಂದ ಮ್ಯಾಲೆ ಯೂನಿಟ್ ಉಳಿಸೂ ಲೆಕ್ಕ ಯಾಕ ಬೇಕು? ಶ್ರೀಮಂತರ ಮಕ್ಕಳು ಎಸಿಯೊಳಗ ಓದಬಹುದು, ನಮ್ಮ ಮಕ್ಕಳಿಗೆ ಸುಣ್ಣ ಸಾಕು ಅಂತ ಹೇಳೂದು ನನಗ ಸರಿ ಅನಸೂದಿಲ್ಲ.

ಸೇಡಂ ಸೀಮೆ ಟೀಚರ್ · ಫೆಬ್ರವರಿ 10

ತಮ್ಮಾ, ನಿನ್ನ ಎರಡನೇ ಮಾತು ನನ್ನ ಮನಸ್ಸಿನಲ್ಲೂ ಕೊರೀತಿರೋದೇ. ಆದ್ರೆ ಬಿಲ್ಲು ಯಾರೇ ಕಟ್ಟಲಿ, ಮಧ್ಯಾಹ್ನ 2ಕ್ಕೆ ಕರೆಂಟ್ ಹೋದ್ರೆ ಹೋಯ್ತು. ಎಸಿ ಕೋಣೆ ಕಿಟಕಿ ಮುಚ್ಚಿರೋದ್ರಿಂದ ಆಗ ಅದೇ ಎಲ್ಲಕ್ಕಿಂತ ಕೆಟ್ಟ ಕೋಣೆ ಆಗುತ್ತೆ. ಕರೆಂಟ್ ಇಲ್ಲದಿದ್ರೂ ತಂಪಾಗಿರೋ ಕೋಣೆ ಕೊಡೋದು ಮಕ್ಕಳಿಗೆ ಕಡಿಮೆ ಕೊಟ್ಟ ಹಾಗಲ್ಲ.

ಜಯನಗರದ ಅಮ್ಮ · ಫೆಬ್ರವರಿ 11

ಎಸಿ ಶಾಲೆಯಲ್ಲಿ ಮಗ ಓದ್ತಿರೋ ತಾಯಿಯಾಗಿ ನನ್ನ ಅನುಭವ ಹೇಳ್ಬೇಕು ಅನ್ನಿಸ್ತು. ಶಾಲೆ ಹೆಸರು ಹೇಳಲ್ಲ. ಹೊಸ ಕಟ್ಟಡ, ಪಶ್ಚಿಮಕ್ಕೆ ನೆಲದಿಂದ ಸೀಲಿಂಗ್‌ವರೆಗೂ ಗಾಜು. ಬೆಂಗಳೂರಲ್ಲಿ ಗಾಜಿನ ಗೋಡೆ ಕಟ್ಟಿ, ಬಿಸಿಲು ಬರುತ್ತೆ ಅಂತ ಪರದೆ ಎಳೆದು, ಕತ್ತಲೆ ಆಯ್ತು ಅಂತ ಲೈಟ್ ಹಾಕಿ, ಸೆಕೆ ಅಂತ ಎಸಿ ಹಾಕಿದ್ದಾರೆ. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಆಗಿತ್ತು, ಬೆಂಗಳೂರು ಮೊದಲಿನ ಹಾಗೆ ಉಳಿದಿಲ್ಲ, ಒಪ್ತೀನಿ. ಆದ್ರೆ ಜುಲೈನಲ್ಲೂ ಎಸಿ? ಹೊರಗೆ ತಣ್ಣಗೆ ಗಾಳಿ ಬೀಸ್ತಿರುತ್ತೆ, ಇವರ ಕಿಟಕಿ ತೆಗೆಯೋಕೇ ಬರಲ್ಲ.

ಮಗ ದಿನಾ ತಲೆನೋವು ಅಂತ ಬರ್ತಿದ್ದ. ಕಣ್ಣು ಪರೀಕ್ಷೆ ಮಾಡಿಸಿದ್ವಿ, ಏನೂ ಇಲ್ಲ. ಪೋಷಕರ ಸಭೆಯಲ್ಲಿ ಕೇಳಿದ್ರೆ ಇನ್ನೂ ಏಳೆಂಟು ಮನೆಯವರು ಅದೇ ಹೇಳಿದ್ರು: ಮೂರನೇ ಪೀರಿಯಡ್ ಹೊತ್ತಿಗೆ ಮಕ್ಕಳಿಗೆ ತೂಕಡಿಕೆ, ತಲೆ ಭಾರ. ರಜೆಯಲ್ಲಿ ಒಂದು ದಿನವೂ ಇಲ್ಲ.

ರಾಯಚೂರು ಸಿವಿಲ್ · ಫೆಬ್ರವರಿ 11

ಅಮ್ಮ, ತಲೆನೋವಿಗೆ ಕಾರಣ ಬೇರೆಯೂ ಇರಬಹುದು, ಡಾಕ್ಟರ್ ಮಾತೇ ಕೊನೇದು. ಆದ್ರೆ ಮುಚ್ಚಿದ ಕೋಣೆಯ ಲೆಕ್ಕ ಹೇಳ್ತೀನಿ, ಅದು ಗಾಬರಿ ಹುಟ್ಟಿಸುತ್ತೆ.

ಗೋಡೆಗೆ ಹಾಕೋ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನ ಒಳಗೆ ತರಲ್ಲ. ಕೋಣೆಯಲ್ಲಿರೋ ಗಾಳಿಯನ್ನೇ ತಿರುಗಿಸಿ ತಿರುಗಿಸಿ ತಂಪು ಮಾಡುತ್ತೆ. ಕೂತು ಪಾಠ ಕೇಳೋ ಮಗು ತಾಸಿಗೆ ಸುಮಾರು 14 ಲೀಟರ್ ಇಂಗಾಲದ ಡೈಆಕ್ಸೈಡ್ ಉಸಿರು ಬಿಡುತ್ತೆ ಅಂತಿಟ್ಟುಕೊಳ್ಳಿ. 40 ಮಕ್ಕಳಿಗೆ 560 ಲೀಟರ್. 45 ಚದರ ಮೀಟರಿನ, 3 ಮೀಟರ್ ಎತ್ತರದ ಕೋಣೆಯಲ್ಲಿ ಇರೋದು 135 ಘನ ಮೀಟರ್ ಗಾಳಿ. ಪೂರ್ತಿ ಮುಚ್ಚಿದ್ರೆ ನಿಮಿಷಕ್ಕೆ 70 ಪಿಪಿಎಂನಷ್ಟು (ಹತ್ತು ಲಕ್ಷ ಪಾಲಿಗೆ 70 ಪಾಲು) ಏರುತ್ತೆ. ಹೊರಗೆ 420 ಇರೋದು ಹತ್ತು ನಿಮಿಷದೊಳಗೆ 1000 ದಾಟುತ್ತೆ, ಅಂದ್ರೆ ಗಾಳಿ ಹಳಸೋಕೆ ಶುರು. ಸಂದುಗೊಂದಿನಿಂದ ಸ್ವಲ್ಪ ಗಾಳಿ ಬರೋದ್ರಿಂದ ವಾಸ್ತವದಲ್ಲಿ ಇಷ್ಟು ವೇಗ ಇರಲ್ಲ. ಆದ್ರೂ ಮೂರನೇ ಪೀರಿಯಡ್ಡಿನ ತೂಕಡಿಕೆ ನನಗೆ ಆಶ್ಚರ್ಯ ತರಿಸಲ್ಲ. ಇದನ್ನ ಅಳೆಯೋ ಒಂದು ಮೀಟರ್ ತಂದು ಕ್ಲಾಸಿನಲ್ಲಿ ಇಡೋಕೆ ಶಾಲೆಯವರನ್ನ ಕೇಳಿ. ಪೋಷಕರೆಲ್ಲ ಸೇರಿ ಕೇಳಿದ್ರೆ ಒಪ್ತಾರೆ.

ಅದೇ 40 ಮಕ್ಕಳ ಮೈ ಶಾಖವೇ ಎರಡೂವರೆ ಕಿಲೋವ್ಯಾಟ್ ಆಗುತ್ತೆ. ಕೋಣೆಯಲ್ಲಿ ಮೂರು ಇಸ್ತ್ರಿ ಪೆಟ್ಟಿಗೆ ಹೊತ್ತಿಸಿ ಇಟ್ಟ ಹಾಗೆ. ಮನೆಗೆ ಸಾಲೋ ಎಸಿ ಲೆಕ್ಕ ತರಗತಿಗೆ ನಡೆಯಲ್ಲ.

ಕುಂದಾಪ್ರ ಟೀಚರ್ · ಫೆಬ್ರವರಿ 12

ನಾನು ಕರಾವಳಿಯವಳು. ನೀವೆಲ್ಲ ಸುಣ್ಣ ಸುಣ್ಣ ಅಂತ ಹೇಳುದು ನೋಡಿ ಒಂದು ಮಾತು ಸೇರಿಸುವ ಅಂತ ಬಂದೆ. ನಮ್ಮಲ್ಲಿ ಅದು ನಡೆಯುದಿಲ್ಲ. ಬಿಳಿ ಬಳಿದರೆ ಒಂದು ಮಳೆಗಾಲದಲ್ಲಿ ಪಾಚಿ ಹಿಡಿದು ಕಪ್ಪಾಗ್ತದೆ. ನಮ್ಮ ಕಷ್ಟ ಬಿಸಿಲಿಗಿಂತ ಹೆಚ್ಚು ಸೆಕೆ. ಥರ್ಮಾಮೀಟರ್ 33 ತೋರಿಸ್ತದೆ, ಆದರೆ ಬೆವರು ಆರುದೇ ಇಲ್ಲ. ನಮಗೆ ಬೇಕಾದ್ದು ಗಾಳಿ, ಅಡ್ಡ ಗಾಳಿ.

ನಮ್ಮ ಶಾಲೆಗೆ ಮೊದಲು ಹಂಚಿನ ಮಾಡು ಇತ್ತು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನಿನವರು ಶುರುಮಾಡಿದ ಹಂಚಿನ ಕಾರ್ಖಾನೆಯಿಂದ ಈ ಕಡೆಯ ಊರೂರಿನ ಮಾಡು ಕೆಂಪಾಯಿತು. ಹಂಚಿನ ಸಂದಿನಲ್ಲಿ ಬಿಸಿ ಗಾಳಿ ಮೇಲೆ ಹೋಗ್ತದೆ, ಇಳಿಜಾರು ಮಾಡು ಎತ್ತರ ಇರ್ತದೆ, ಅಲ್ಲಲ್ಲಿ ಎರಡು ಗಾಜಿನ ಹಂಚು ಇಟ್ಟರೆ ಲೈಟೇ ಬೇಡ. ಆದರೆ ಮಂಗಗಳ ಕಾಟ! ವರ್ಷಕ್ಕೆ ನೂರಾರು ಹಂಚು ಒಡೆದು ಹಾಕ್ತಾವೆ, ಮಳೆಗಾಲದಲ್ಲಿ ಮಕ್ಕಳು ಬೆಂಚು ಎಳೆದು ಎಳೆದು ಸೋರದ ಜಾಗ ಹುಡುಕುದು. ಕೊನೆಗೆ ಬೇಸತ್ತು ಹಂಚು ತೆಗೆದು ಶೀಟು ಹಾಕಿದರು. ಸೋರುದು ನಿಂತಿತು, ಮಾರ್ಚಿನಲ್ಲಿ ಕೂರುದಕ್ಕೆ ಆಗುದಿಲ್ಲ. ಮಳೆ ಬಂದರೆ ಶೀಟಿನ ಸದ್ದಿಗೆ ನನ್ನ ಸ್ವರ ಎರಡನೇ ಬೆಂಚಿಗೂ ಕೇಳುದಿಲ್ಲ. ಇದೂ ಕೂಡ ಮಕ್ಕಳ ಸುಖದ ಲೆಕ್ಕಕ್ಕೆ ಸೇರಬೇಕಲ್ಲ?

ರಾಯಚೂರು ಸಿವಿಲ್ · ಫೆಬ್ರವರಿ 12

ಖಂಡಿತ ಸೇರಬೇಕು ಟೀಚರ್. ಒಂದೇ ಮದ್ದು ಎಲ್ಲ ಊರಿಗೂ ಆಗಲ್ಲ ಅನ್ನೋದಕ್ಕೆ ನಿಮ್ಮ ಶಾಲೆಯೇ ಸಾಕ್ಷಿ. ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಅದನ್ನೇ ಹೇಳುತ್ತೆ: ಒಣ ಬಿಸಿಲ ಸೀಮೆಯಲ್ಲಿ ಕಿಟಕಿ ನೆಲದ ಹತ್ತನೇ ಒಂದು ಪಾಲು ಇರಬೇಕು, ನಿಮ್ಮಂಥ ತೇವದ ಸೆಕೆ ಸೀಮೆಯಲ್ಲಿ ಆರನೇ ಒಂದು ಪಾಲು. ಆದ್ರೆ ಟೆಂಡರಿಗೆ ಹೋಗೋ ನಕ್ಷೆ ಬೀದರಿಗೂ ಬೈಂದೂರಿಗೂ ಹೆಚ್ಚುಕಡಿಮೆ ಒಂದೇ. ನನಗೆ ಇದರ ಬಗ್ಗೆ ತುಂಬಾ ಬೇಸರ ಇದೆ, ಯಾಕಂದ್ರೆ ಆ ನಕ್ಷೆ ಹಿಡಿದು ಕೆಲಸ ಮಾಡಿಸಿದವರಲ್ಲಿ ನಾನೂ ಒಬ್ಬ.

ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ 2007ರಲ್ಲೇ ಬಂತು, 2017ರಲ್ಲಿ ಪರಿಷ್ಕರಣೆಯೂ ಆಯ್ತು. ತಾರಸಿಯಿಂದ ಎಷ್ಟು ಶಾಖ ಇಳೀಬಹುದು ಅನ್ನೋದಕ್ಕೂ ಅದರಲ್ಲಿ ಮಿತಿ ಇದೆ. ಆದ್ರೆ ಅದು ತಟ್ಟೋದು 100 ಕಿಲೋವ್ಯಾಟ್ ಮೇಲಿನ ಲೋಡ್ ಇರೋ ಕಟ್ಟಡಗಳಿಗೆ. 2 ಕಿಲೋವ್ಯಾಟಿನ ಹಳ್ಳಿ ಶಾಲೆಯ ತಾರಸಿಯನ್ನ ಕೇಳೋರು ಯಾರೂ ಇಲ್ಲ. ಕರೆಂಟ್ ಕಡಿಮೆ ಬಳಸುತ್ತೆ ಅನ್ನೋ ಕಾರಣಕ್ಕೇ ನಮ್ಮ ಶಾಲೆ 'ದಕ್ಷ' ಕಟ್ಟಡ ಅನ್ನಿಸಿಕೊಂಡುಬಿಡುತ್ತೆ. ಮಗು ಬೆಂದಿದ್ದು ಯಾವ ಮೀಟರಿನಲ್ಲೂ ಓಡಲ್ಲ.

ನಿವೃತ್ತ ಹೆಡ್‌ಮಾಸ್ತರ್, ವಿಜಯಪುರ · ಫೆಬ್ರವರಿ 13

ಎಲ್ಲಾರದೂ ಓದೀನಿ. 34 ವರ್ಷ ಸಾಲ್ಯಾಗ ಕಳದಾಂವ ನಾನು. ನಮ್ಮ ಕಾಲಕ್ಕ ಹೋಳಿ ಹುಣ್ಣಿವಿ ಮುಗೀತು ಅಂದ್ರ ಮುಂಜಾನಿ ಸಾಲಿ ಚಾಲೂ. ಏಳೂವರಿಗೆ ಗಂಟಿ, ಹನ್ನೆರಡರೊಳಗ ಮಕ್ಕಳು ಮನಿಗೆ. ಒಂದು ಯೂನಿಟ್ ಕರೆಂಟ್ ಬ್ಯಾಡ, ಒಂದು ರೂಪಾಯಿ ಖರ್ಚಿಲ್ಲ. ಈಗೂ ಕಲ್ಯಾಣ ಕರ್ನಾಟಕದಾಗ, ವಿಜಯಪುರ ಬಾಗಲಕೋಟಿಯೊಳಗ ಬ್ಯಾಸಿಗಿಗೆ ಸರ್ಕಾರಿ ಆಫೀಸಿನ ಟೈಮ್ ಬದಲಿ ಮಾಡ್ತಾರ. ದೊಡ್ಡವರಿಗೆ ಆಗೂದು ಸಣ್ಣ ಮಕ್ಕಳಿಗೂ ಆಗಬೇಕಲ್ಲ? ಎಸ್‌ಡಿಎಂಸಿ ಠರಾವು ಮಾಡಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಾಹೇಬರಿಗೆ ಅರ್ಜಿ ಕೊಡ್ರಿ.

ಇನ್ನೊಂದು. ಪಡುವಣ ಬಾಜೂ ಗ್ವಾಡಿಗೆ ನೆರಳು ಐತೇನು? ನಮ್ಮ ಸಾಲ್ಯಾಗ ಎರಡು ಬೇವಿನ ಗಿಡ ಪಡುವಣಕ್ಕಿದ್ದವು. ಆ ಕ್ವಾಣಿಯೊಳಗ ಕುಂಡ್ರಾಕ ಮಾಸ್ತರ ಮಾಸ್ತರ ನಡುವ ಜಗಳ. ರಸ್ತಾ ದೊಡ್ಡದು ಮಾಡಾಕ ಒಂದು ಕಡದರು. ಮುಂದಿನ ಬ್ಯಾಸಿಗಿಗೆ ಅದ ಕ್ವಾಣಿ ಒಲಿ ಆತು.

ಫ್ರಾಂಕ್‌ಫರ್ಟ್ ಕನ್ನಡಿಗ · ಫೆಬ್ರವರಿ 13

ಇಲ್ಲಿ ಜರ್ಮನಿಯಲ್ಲಿ ಕಷ್ಟ ಉಲ್ಟಾ, ಆದರೂ ಪಾಠ ಒಂದೇ. 1991ರಲ್ಲಿ ಪಕ್ಕದ ಡಾರ್ಮ್‌ಸ್ಟಾಟ್ ಊರಿನಲ್ಲಿ ಮೊದಲ 'ಪಾಸಿವ್ ಹೌಸ್' ಕಟ್ಟಿದ್ರು. ಗೋಡೆಗೆ ದಪ್ಪ ಹೊದಿಕೆ, ಗಾಳಿ ನುಸುಳದ ಕಿಟಕಿ, ಹೀಟರ್ ಖರ್ಚು ತೀರಾ ಕಡಿಮೆ. ಆಮೇಲೆ ಆ ದಾರಿಯಲ್ಲೇ ಶಾಲೆಗಳೂ ಬಂದವು. ಅಂಥ ಕಟ್ಟಡಕ್ಕೆ ಯಂತ್ರದಿಂದ ಹೊಸ ಗಾಳಿ ತರೋ ವ್ಯವಸ್ಥೆ ಇರಲೇಬೇಕು. ಆದರೆ ಹಳೇ ಶಾಲೆಗಳ ಕಿಟಕಿಯನ್ನಷ್ಟೇ ಬದಲಾಯಿಸಿ ಗಾಳಿ ಮರೆತ ಕಡೆ ಉಸಿರುಗಟ್ಟೋ ಕ್ಲಾಸ್ ಆಯ್ತು. ಕೋವಿಡ್ ಚಳಿಗಾಲದಲ್ಲಿ 20 ನಿಮಿಷಕ್ಕೊಮ್ಮೆ ಕಿಟಕಿ ಪೂರ್ತಿ ತೆಗೀರಿ ಅಂತ ಸೂಚನೆ ಬಂತು. ನನ್ನ ಮಗಳು ಜಾಕೆಟ್ ಹಾಕ್ಕೊಂಡೇ ಪಾಠ ಕೇಳ್ತಿದ್ಲು.

ಇಲ್ಲಿ ನಾನು ಕಲಿತ ಇನ್ನೊಂದು ವಿಷಯ: ಬಿಸಿಲನ್ನ ಗಾಜಿನ ಹೊರಗೇ ತಡೀಬೇಕು. ಇಲ್ಲಿ ರೋಲಿಂಗ್ ಪರದೆ ಕಿಟಕಿಯ ಹೊರಗಡೆ ಇರುತ್ತೆ. ಒಳಗೆ ಪರದೆ ಹಾಕಿದ್ರೆ ಬೆಳಕು ನಿಲ್ಲುತ್ತೆ, ಶಾಖ ಆಗಲೇ ಒಳಗೆ ಬಂದಾಗಿರುತ್ತೆ. ಜಯನಗರದ ಅಮ್ಮ ಅವರ ಶಾಲೆಯಲ್ಲಿ ಆಗ್ತಿರೋದು ಅದೇ. ನಮ್ಮ ಅಜ್ಜಿ ಮನೆ ಜಗುಲಿ, ಸಜ್ಜಾ, ತಟ್ಟಿ ಎಲ್ಲಾ ಹೊರಗಿನ ನೆರಳೇ ಅಲ್ವಾ?

ಸೇಡಂ ಸೀಮೆ ಟೀಚರ್ · ಫೆಬ್ರವರಿ 14

ಇಷ್ಟು ಕಾಳಜಿಯಿಂದ ಬರೆದ ಎಲ್ಲರಿಗೂ ಕೈ ಮುಗೀತೀನಿ. ನಿನ್ನೆ ಎಸ್‌ಡಿಎಂಸಿ ಸಭೆಯಲ್ಲಿ ಪೂರ್ತಿ ಚರ್ಚೆಯನ್ನ ಓದಿ ಹೇಳಿದೆ. 45 ಕಿಲೋವ್ಯಾಟ್ ಲೆಕ್ಕ ಕೇಳಿ ಅಧ್ಯಕ್ಷರು ಎದ್ದು ಹೋಗಿ ತಾರಸಿ ಮುಟ್ಟಿ ನೋಡಿ ಬಂದರು.

ನನ್ನ ನಿಜವಾದ ಗೊಂದಲ ಕಿಟಕಿದು. 12 ಆಯ್ತು ಅಂದ್ರೆ ಪಡುವಣದ ಕಿಟಕಿಯಿಂದ ಝಳ ಹೊಡೆಯುತ್ತೆ, ಒಲೆ ಬಾಯಿ ತೆಗೆದ ಹಾಗೆ. ಮುಚ್ಚಿದ್ರೆ ಕತ್ತಲೆ, ಜೊತೆಗೆ 40 ಮಕ್ಕಳ ಉಸಿರು. ತೆಗೆದ್ರೆ ಬಿಸಿ ಗಾಳಿ, ಧೂಳು. ಫ್ಯಾನ್ ಹಾಕಿದ್ರೂ ಅದೇ ಬಿಸಿ ಗಾಳಿ ಮುಖಕ್ಕೆ. ಕಿಟಕಿ ತೆಗೀಬೇಕಾ, ಮುಚ್ಚಬೇಕಾ?

ರಾಯಚೂರು ಸಿವಿಲ್ · ಫೆಬ್ರವರಿ 14

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದೇ. ನಮ್ಮ ಮೈ ಚರ್ಮ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ತಣ್ಣಗಿರೋವರೆಗೆ ಫ್ಯಾನು ಎರಡು ಮೂರು ಡಿಗ್ರಿ ಇಳಿದಷ್ಟು ಹಿತ ಕೊಡುತ್ತೆ. ಅದನ್ನ ದಾಟಿದ ಮೇಲೆ ಗಾಳಿಯೇ ಮೈಗೆ ಶಾಖ ಕೊಡೋಕೆ ಶುರು. ಆಗ ಬೆವರು ಆರಿದ್ರೆ ಮಾತ್ರ ತಂಪು, ಬೆವರಬೇಕಾದ್ರೆ ನೀರು ಕುಡಿದಿರಬೇಕು. ಹಾಗಾಗಿ ಮಾರ್ಚಿನಲ್ಲಿ ನೀರಿನ ಗಂಟೆ ಹೊಡೀರಿ, ಪೀರಿಯಡ್ಡಿಗೊಮ್ಮೆ ಎಲ್ಲರೂ ಕುಡೀಲೇಬೇಕು. ಕೋಣೆ ಹೊರಗೆ ನೆರಳಲ್ಲಿ ನೀರಿನ ಒಂದು ರಂಜಣಗಿ (ದೊಡ್ಡ ಮಣ್ಣಿನ ಮಡಕೆ) ಇಡಿ.

ಕಿಟಕಿಗೆ ನನ್ನ ಸಲಹೆ ಹೊತ್ತು ನೋಡಿ ತೆಗೆಯೋದು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಎಲ್ಲವನ್ನೂ ತೆಗೀರಿ. 11ರ ನಂತರ ಪಡುವಣದ ಕಿಟಕಿ ಮುಚ್ಚಿ, ಮೂಡಣದ ಕಿಟಕಿ ಮತ್ತು ಮೇಲಿನ ಬೆಳಕಿಂಡಿ ತೆಗೆದೇ ಇರಲಿ. ಉಸಿರಿನ ಗಾಳಿ ಬಿಸಿಯಾಗಿ ಮೇಲೇರುತ್ತೆ, ಬೆಳಕಿಂಡಿಯಿಂದ ಹೋಗುತ್ತೆ. ಪಡುವಣದ ಕಿಟಕಿಗೆ ಹೊರಗಡೆಯಿಂದ ಬಿದಿರಿನ ತಟ್ಟಿ ಕಟ್ಟಿ. ಪೀರಿಯಡ್ ಬದಲಾಗುವಾಗ ಐದು ನಿಮಿಷ ಎಲ್ಲ ಕಿಟಕಿ ತೆಗೆದು ಮಕ್ಕಳನ್ನ ವರಾಂಡಕ್ಕೆ ಕಳಿಸಿ. ಸಂಜೆ ಬೀಗ ಹಾಕುವಾಗ ಬೆಳಕಿಂಡಿ ಮುಚ್ಚಬೇಡಿ, ಕಳ್ಳರ ಭಯಕ್ಕೆ ಗ್ರಿಲ್ಲು, ಪಾರಿವಾಳಕ್ಕೆ ಜಾಳಿಗೆ. ರಾತ್ರಿಯ ತಂಪು ಒಳಗೆ ಸೇರದಿದ್ರೆ ಬೆಳಿಗ್ಗೆಯೇ ಕೋಣೆ ಬಿಸಿಯಾಗಿ ಶುರುವಾಗುತ್ತೆ. ಇದನ್ನ ಬಹಳ ಶಾಲೆಗಳು ಮಾಡಲ್ಲ.

ಎಸಿ ಆಸೆ ಇರೋರಿಗೂ ಒಂದು ಮಾತು. ತರಗತಿ 24 ಡಿಗ್ರಿ ಇರಲೇಬೇಕು ಅನ್ನೋದು ಎಲ್ಲಿಂದಲೋ ಬಂದ ನಂಬಿಕೆ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದವರು ನಮ್ಮ ದೇಶದ ಜನರನ್ನೇ ಕೇಳಿ ಮಾಡಿದ ಸೂತ್ರ ಇದೆ. ಕಿಟಕಿ ತೆಗೆದಿಡೋ ಕಟ್ಟಡಕ್ಕೆ ಹಿಂದಿನ 30 ದಿನದ ಹೊರಗಿನ ಸರಾಸರಿ ಉಷ್ಣತೆಯನ್ನ 0.54ರಿಂದ ಗುಣಿಸಿ 12.83 ಕೂಡಿಸಿದ್ರೆ ಜನಕ್ಕೆ ಹಿತ ಅನ್ನಿಸೋ ಉಷ್ಣತೆ ಸಿಗುತ್ತೆ. ಸರಾಸರಿ 32 ಇದ್ರೆ ಉತ್ತರ 30. ಎರಡು ಡಿಗ್ರಿ ಆಚೀಚೆ ಆದ್ರೂ ಹೆಚ್ಚಿನವರು ಒಪ್ತಾರೆ. ದೊಡ್ಡವರಿಂದ ಬಂದ ಸೂತ್ರ, ಮಕ್ಕಳಿಗೆ ಇನ್ನೂ ಸ್ವಲ್ಪ ಕಡಿಮೆ ಬೇಕಾಗಬಹುದು. ಆದ್ರೂ ನಾವು ಹಿಡೀಬೇಕಾದ ಗುರಿ 38ರಿಂದ 32ಕ್ಕೆ, 24ಕ್ಕೆ ಅಲ್ಲ.

ಆರ್ಕಿಟೆಕ್ಚರ್ ಮೂರನೇ ವರ್ಷ · ಫೆಬ್ರವರಿ 15

ಪತ್ರಾಸಿನ ಕೋಣೆ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೀತಿದ್ದೀನಿ. ಆಫ್ರಿಕಾದ ಬುರ್ಕಿನಾ ಫಾಸೋದಲ್ಲಿ ಗಾಂಡೋ ಅಂತ ಒಂದು ಹಳ್ಳಿ. ಅಲ್ಲೂ ನಿಮ್ಮಲ್ಲಿಯ ಹಾಗೆ 40 ಡಿಗ್ರಿ, ಅಲ್ಲೂ ತಗಡಿನ ಮಾಡು. ಆ ಊರಿನವರೇ ಆದ ವಾಸ್ತುಶಿಲ್ಪಿ ಫ್ರಾನ್ಸಿಸ್ ಕೆರೆ 2001ರಲ್ಲಿ ಊರವರ ಕೈಯಿಂದಲೇ ಶಾಲೆ ಕಟ್ಟಿಸಿದ್ರು. ಕೋಣೆ ಮೇಲೆ ಇಟ್ಟಿಗೆಯ ಒಂದು ಒಳಮಾಡು, ಅದರ ಮೇಲೆ ಕಬ್ಬಿಣದ ಸಲಾಕೆಗಳ ಮೇಲೆ ಎತ್ತಿ ನಿಲ್ಲಿಸಿದ ತಗಡು. ನಡುವೆ ಗಾಳಿ ಹರಿಯುತ್ತೆ, ತಗಡಿನ ಶಾಖ ಗಾಳಿ ಜೊತೆ ಹೋಗುತ್ತೆ, ಮಕ್ಕಳ ತಲೆಗೆ ಇಳಿಯಲ್ಲ. 2022ರಲ್ಲಿ ಅವರಿಗೆ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು.

ನಿಮ್ಮ ಶೀಟಿನ ಕೆಳಗೆ ಒಂದಡಿ ಬಿಟ್ಟು ಬಿದಿರಿನ ಚಾಪೆಯ ಸೀಲಿಂಗ್ ಕಟ್ಟಿಸಿ, ಎರಡೂ ತುದಿಯ ಗೋಡೆಯಲ್ಲಿ ಜಾಳಿಗೆ ಹಾಕಿದ ಕಿಂಡಿ ಬಿಡಿಸಿ. ಕಿಂಡಿ ಇಲ್ಲದಿದ್ರೆ ಪ್ರಯೋಜನ ಇಲ್ಲ, ಬಿಸಿ ಅಲ್ಲೇ ಕೂರುತ್ತೆ. ಹೊಸ ಕೋಣೆ ಮಂಜೂರಾದ್ರೆ ಫಿಲ್ಲರ್ ಸ್ಲ್ಯಾಬ್ ಕೇಳಿ, ಕಾಂಕ್ರೀಟಿನ ಕೆಳಭಾಗದಲ್ಲಿ ಮಂಗಳೂರು ಹಂಚು ಕೂರಿಸೋದು. ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಇದನ್ನ ಮನೆಮಾತು ಮಾಡಿದ್ರು. ನಮ್ಮಲ್ಲೇ ಬೆಂಗಳೂರಿನ ಐಐಎಸ್‌ಸಿಯಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರದವರು ಮಣ್ಣಿನ ಇಟ್ಟಿಗೆ, ಅಗ್ಗದ ಕಟ್ಟಡಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ.

ಹುಬ್ಬಳ್ಳಿ ವೈರಿಂಗ್ · ಫೆಬ್ರವರಿ 15

ಎಚ್ಚರಿಕೆ ಒಂದು. ಹಳೇ ಸಿಮೆಂಟ್ ಶೀಟಿನಲ್ಲಿ ಆಸ್ಬೆಸ್ಟಾಸ್ ನಾರು ಇರುತ್ತೆ. ಡ್ರಿಲ್ ಮಾಡೋದು, ಉಜ್ಜೋದು, ಒಣಗಿದ್ದಾಗ ಗುಡಿಸೋದು ಬೇಡವೇ ಬೇಡ. ಆ ಪುಡಿ ಶ್ವಾಸಕೋಶಕ್ಕೆ ಹೋದ್ರೆ ವಾಪಸ್ ಬರಲ್ಲ. ಸೀಲಿಂಗ್ ಚೌಕಟ್ಟನ್ನ ಗೋಡೆಗೆ ಕೂರಿಸಿ, ಶೀಟಿಗೆ ನೇತುಹಾಕಬೇಡಿ. ಕೆಲಸ ರಜಾ ದಿನ ಮಾಡಿಸಿ.

ಮುಂದೆ ದುಡ್ಡು ಬಂದ್ರೆ ಆರ್‌ಸಿಸಿ ಮೇಲೆ 2 ಕಿಲೋವ್ಯಾಟ್ ಸೋಲಾರ್ ಹಾಕಿಸಿ. ದಿನಕ್ಕೆ 8 ಯೂನಿಟ್ ಬರುತ್ತೆ. ಪ್ಯಾನೆಲ್ಲೇ ತಾರಸಿಗೆ ಕೊಡೆ ಹಿಡಿದ ಹಾಗೆ ನೆರಳು ಕೊಡುತ್ತೆ.

ಸೇಡಂ ಸೀಮೆ ಟೀಚರ್ · ಮಾರ್ಚ್ 28

ತಡವಾಗಿ ಬರೀತಿದ್ದೀನಿ, ಕ್ಷಮಿಸಿ. ಹಳೇ ವಿದ್ಯಾರ್ಥಿಗಳ ಜೊತೆ ಎರಡು ಸಲ ಫೋನಿನಲ್ಲಿ ಮಾತಾಡಿದೆ. ಮೊದಲು ಸ್ವಲ್ಪ ಮುನಿಸಾಯ್ತು. ನಮ್ಮ ಹುಡುಗರು ಎಸಿ ನೋಡೋದು ಬೇಡವಾ ಅಂದ ಒಬ್ಬ. ನೀನು ಓದಿದ್ದು ಯಾವ ಕೋಣೆಯಲ್ಲಿ ಅಂತ ಕೇಳಿದೆ. ಕಲ್ಲಿನ ಕೋಣೆ ಮಿಸ್ ಅಂದ. ಆಗ ಬಿಸಿ ಆಗ್ತಿತ್ತಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆಯ್ತು ಮಿಸ್, ನೀವು ಹೇಳಿದ ಹಾಗೇ ಮಾಡಿ ಅಂದ.

ಮಾರ್ಚ್ ಮೊದಲ ಭಾನುವಾರ ಸುಣ್ಣದ ಕೆಲಸ. ಸುಣ್ಣಕ್ಕೆ ಫೆವಿಕಾಲ್ ಸೇರಿಸಿ ಮೂರು ಕೈ ಬಳಿಸಿದ್ವಿ. ತಂದೆಯರೇ ಬಂದು ಮಾಡಿದ್ರು, ಕಣ್ಣಿಗೆ ಸುಣ್ಣ ಸಿಡಿಯುತ್ತೆ ಅಂತ ಮಕ್ಕಳನ್ನ ತಾರಸಿಗೆ ಹತ್ತಿಸಲಿಲ್ಲ. ಬೇಕಂತಲೇ ಒಂದು ಆರ್‌ಸಿಸಿ ಕೋಣೆಯನ್ನ ಒಂದು ವಾರ ಹಾಗೇ ಬಿಟ್ವಿ, ವ್ಯತ್ಯಾಸ ನೋಡೋಕೆ. ಆ ವಾರ ಅದರಲ್ಲಿ ಮಧ್ಯಾಹ್ನ ಯಾರನ್ನೂ ಕೂರಿಸಲಿಲ್ಲ. ಆರನೇ ಕ್ಲಾಸಿನ ಮಕ್ಕಳು ಗೋಡೆ ಥರ್ಮಾಮೀಟರ್ ನೋಡಿ ಪಟ್ಟಿ ಬರೆದ್ರು. ಹೊರಗೆ 39 ಇದ್ದ ಒಂದು ದಿನ, 3 ಗಂಟೆಗೆ: ಕಲ್ಲಿನ ಕೋಣೆ 33, ಸುಣ್ಣ ಬಳಿದದ್ದು 35, ಬಳಿಯದ್ದು 38. ಒಬ್ಬ ಹುಡುಗ ಬೆಂಚು ಹತ್ತಿ, ಕೋಲಿಗೆ ಥರ್ಮಾಮೀಟರ್ ಕಟ್ಟಿ ಸೀಲಿಂಗಿಗೆ ತಾಗಿಸಿ ಹಿಡಿದ. ಬಳಿಯದ ಕೋಣೆಯಲ್ಲಿ ಕೆಳಗಿಳಿಸೋವಷ್ಟರಲ್ಲಿ ಪಾದರಸ 44 ದಾಟಿತ್ತು. ಎರಡನೇ ಕೋಣೆಗೂ ಮರುದಿನವೇ ಸುಣ್ಣ ಬಳಿದ್ವಿ.

ಎಲ್ಲ ಕೋಣೆಗೂ ಹೊಸ ಫ್ಯಾನ್, ಇನ್ವರ್ಟರ್, ಪಡುವಣಕ್ಕೆ ತಟ್ಟಿ ಆಯ್ತು. ಪತ್ರಾಸಿನ ಕೋಣೆ ಸೀಲಿಂಗಿಗೆ ದುಡ್ಡು ಸಾಲಲಿಲ್ಲ. ಅದನ್ನ ಈಗ ಸಾಮಾನು ಇಡೋಕೆ ಬಿಟ್ಟು, ಎರಡನೇ ಕ್ಲಾಸನ್ನ ಕಲ್ಲಿನ ಕೋಣೆಯಲ್ಲಿ ಮೂರನೇ ಕ್ಲಾಸಿನ ಜೊತೆ ಕೂರಿಸಿದ್ದೀವಿ. ಇಕ್ಕಟ್ಟು, ಗದ್ದಲ, ಆದ್ರೆ ತಂಪು. ಬೆಳಗಿನ ಶಾಲೆಗೆ ಅರ್ಜಿ ಕೊಟ್ಟಿದ್ದೀವಿ, ಇನ್ನೂ ಉತ್ತರ ಇಲ್ಲ.

35 ಅಂದ್ರೂ ಬಿಸಿಯೇ, ಗೊತ್ತು. ಆದ್ರೆ ಐದನೇ ಕ್ಲಾಸಿನ ಮಕ್ಕಳು ಮಧ್ಯಾಹ್ನ ಬೆಂಚಿನ ಮೇಲೆ ಕೂರ್ತಿದ್ದಾರೆ.

ನಿವೃತ್ತ ಹೆಡ್‌ಮಾಸ್ತರ್, ವಿಜಯಪುರ · ಮಾರ್ಚ್ 28

ಓದಿ ಭಾಳ ಖುಷಿ ಆತವ್ವಾ. ಸುಣ್ಣ ಮಳಿಗೆ ತೊಳದು ಹೋಗ್ತೈತಿ, ವರ್ಷಾ ಫೆಬ್ರವರಿಯೊಳಗ ಬಳಸೂದು ಎಸ್‌ಡಿಎಂಸಿ ವಹಿಯಾಗ ಈಗ ಬರದು ಇಟ್ಟುಬಿಡ್ರಿ, ಇಲ್ಲಾಂದ್ರ ನಿಮ್ಮ ಬದಲಿ ಆದ ಮ್ಯಾಲೆ ಯಾರೂ ನೆನಸೂದಿಲ್ಲ. ಬೇವಿನ ಗಿಡ ಹಚ್ಚಿದ್ರೇನು?

ಸೇಡಂ ಸೀಮೆ ಟೀಚರ್ · ಮಾರ್ಚ್ 29

ವಹಿಯಲ್ಲಿ ಬರೆಸಿದೆ ಸರ್. ಬೇವಿನ ಸಸಿ 4 ತಂದಿದ್ದೀವಿ, ಪಡುವಣ ಗೋಡೆಯಿಂದ 15 ಅಡಿ ಬಿಟ್ಟು ಗುಂಡಿ ತೋಡಿದೆ. ಏಪ್ರಿಲ್ 10ರ ಹೊತ್ತಿಗೆ ರಜೆ ಶುರುವಾಗುತ್ತೆ, ರಜೆ ಮುಗಿಯೋವರೆಗೆ ನೀರು ಹಾಕೋರು ಯಾರು ಅನ್ನೋದೇ ಚಿಂತೆಯಾಗಿತ್ತು. ಬಿಸಿಯೂಟದ ಅಕ್ಕನ ಮನೆ ಶಾಲೆಗೆ ಅಂಟಿಕೊಂಡೇ ಇದೆ. ಪಾತ್ರೆ ತೊಳೆದ ನೀರು ಸಾಕಲ್ರೀ, ದಿನಾ ಎರಡು ಬಕೆಟ್ ನಾ ಹಾಕ್ತೀನಿ ಅಂದಿದ್ದಾರೆ. ಆಡು ಮೇಯದ ಹಾಗೆ ಜಾಲಿ ಮುಳ್ಳಿನ ಬೇಲಿ ನಾಳೆ ಕಟ್ಟಿಸ್ತೀನಿ.